ಮುಧೋಳದ ತಳಿಯೂ ರನ್ನನ ಕುಲವೂ

ಘಟಪ್ರಭೆಯ ತೀರದ ಮುಧೋಳಕ್ಕೆ ಎರಡು ಕೀರ್ತಿಗಳಿವೆ. ಒಂದು ಕವಿಚಕ್ರವರ್ತಿ ರನ್ನನಿಂದ ಬಂದದ್ದು, ಇನ್ನೊಂದು ಬೇಟೆನಾಯಿಯಿಂದ ಬಂದದ್ದು. ನೀಳವಾದ ಮೂತಿ, ಆಳವಾದ ಎದೆ, ಸಣ್ಣ ನಡುವಿನ ಈ ನಾಯಿಯನ್ನು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಆಸ್ಥೆಯಿಂದ ಸಾಕಿ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಈ ಭಾಗದ ಆಡುಮಾತಿನಲ್ಲಿ ಅದು ‘ಜಾತಿ ನಾಯಿ’. ಬೆರಕೆಯಾಗದ ತಳಿ ಎಂಬುದು ಆ ಮಾತಿನ ತಾತ್ಪರ್ಯ. ಪಶ್ಚಿಮ ಹಾಗೂ ಮಧ್ಯ ಏಷ್ಯಾದಿಂದ ಬಂದ ಬೇಟೆನಾಯಿಗಳೇ ಇದರ ಪೂರ್ವಜರೆಂಬ ಪ್ರತೀತಿಯೂ ಇದೆ. ಅಚ್ಚ ದೇಸಿಯೆಂದು ಹೊಗಳಿಸಿಕೊಳ್ಳುವ ನಾಯಿಯ ಮೂಲವೂ ಹೀಗೆ ದೂರದೇಶದ ಕಡೆಗೆ ಬೊಟ್ಟು ಮಾಡುತ್ತದೆ.

ನಾಯಿಯ ತಳಿಯನ್ನು ನೋಡುವುದರಲ್ಲಿ ದೋಷವೇನಿಲ್ಲ. ಅದು ಸಾಕುವವನ ಕಸುಬು. ಅದೇ ‘ಜಾತಿ’, ಅದೇ ‘ರಕ್ತ’, ಅದೇ ‘ಬಣ್ಣ’ ಎಂಬ ಮಾತುಗಳು ನಾಯಿಯ ಅಂಗಳದಿಂದ ಎದ್ದು ಮದುವೆಯ ಮಾತುಕತೆಗೆ, ಬಾಡಿಗೆ ಮನೆಯ ಬಾಗಿಲಿಗೆ, ಶಾಲೆಯ ಪಂಕ್ತಿಗೆ ಬಂದು ಕೂತಾಗ ಅನರ್ಥ ಆರಂಭವಾಗುತ್ತದೆ. ಈ ಅನರ್ಥಕ್ಕೆ ಜಗತ್ತು ಇಟ್ಟಿರುವ ಹೆಸರು ಜನಾಂಗಭೇದ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮಾತ್ರವಲ್ಲ, ಕನ್ನಡನಾಡಿನಾದ್ಯಂತ ಈ ಹೆಸರನ್ನು ಕೇಳಿದೊಡನೆ ಬರುವ ಉತ್ತರ ಒಂದೇ: ಅದು ಬಿಳಿಯರ ರೋಗ, ಇಲ್ಲಿ ಅದಿಲ್ಲ. ಈ ಉತ್ತರ ಸುಳ್ಳು. ಸುಳ್ಳೆಂಬುದಕ್ಕಿಂತ ಹೆಚ್ಚಾಗಿ, ಅದು ಆಡುವವನಿಗೆ ಅತ್ಯಂತ ಅನುಕೂಲವಾದ ಮಾತು.

ಈ ನಂಬಿಕೆ ಬೆಳೆದುದಕ್ಕೆ ಕಾರಣವಿದೆ. ಕನ್ನಡ ಪತ್ರಿಕೆಗಳು ದಶಕಗಳ ಕಾಲ ‘ವರ್ಣಭೇದ ನೀತಿ’ ಎಂಬ ಪದವನ್ನು ದಕ್ಷಿಣ ಆಫ್ರಿಕದ ಸುದ್ದಿಗೇ ಮೀಸಲಿಟ್ಟವು. ಆ ಹೋರಾಟದಲ್ಲಿ ಭಾರತದ ಪಾತ್ರ ಹೆಮ್ಮೆ ಪಡುವಂಥದೇ. 1946ರಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ, ದಕ್ಷಿಣ ಆಫ್ರಿಕದಲ್ಲಿನ ಭಾರತೀಯರ ಮೇಲಿನ ಅನ್ಯಾಯವನ್ನು ವಿಶ್ವಸಂಸ್ಥೆಯ ಮುಂದಿಟ್ಟದ್ದು ಭಾರತ. ವಿಜಯಲಕ್ಷ್ಮಿ ಪಂಡಿತರ ನೇತೃತ್ವದ ನಿಯೋಗ ಆ ವರ್ಷದ ಡಿಸೆಂಬರ್‌ನಲ್ಲಿ ಮಹಾಸಭೆಯ ನಿರ್ಣಯವನ್ನು ಗೆದ್ದು ತಂದಿತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಮಂದಿ ಕರಿಯರು ಬಲಿಯಾದರು. ಆ ದಿನವೇ ಮುಂದೆ ಜನಾಂಗಭೇದ ನಿರ್ಮೂಲನದ ಅಂತಾರಾಷ್ಟ್ರೀಯ ದಿನವಾಯಿತು. 1965ರ ಡಿಸೆಂಬರ್ 21ರಂದು ವಿಶ್ವಸಂಸ್ಥೆ ಎಲ್ಲ ಬಗೆಯ ಜನಾಂಗಭೇದವನ್ನು ತೊಡೆದುಹಾಕುವ ಒಡಂಬಡಿಕೆಯನ್ನು ಅಂಗೀಕರಿಸಿತು. 1968ರಲ್ಲಿ ಭಾರತ ಅದನ್ನು ಅನುಮೋದಿಸಿತು. 1969ರ ಜನವರಿ 4ರಂದು ಅದು ಜಾರಿಗೆ ಬಂದಿತು. ಇಷ್ಟು ಇತಿಹಾಸವುಳ್ಳ ದೇಶ ತನ್ನನ್ನು ವಾದಿಯ ಸ್ಥಾನದಲ್ಲಷ್ಟೇ ಕಂಡುಕೊಂಡಿತು. ಪ್ರತಿವಾದಿಯ ಕಟಕಟೆಯಲ್ಲಿಯೂ ನಿಲ್ಲಬೇಕಾದೀತೆಂಬ ಎಣಿಕೆ ಅದಕ್ಕೆ ಬರಲಿಲ್ಲ.

ಎರಡು ಘಟನೆಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟರೆ ಸತ್ಯ ತಾನಾಗಿ ತೂಗುತ್ತದೆ. 2009ರಲ್ಲಿ ಮೆಲ್ಬರ್ನ್ ನಗರದಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ ದೇಶವೆಲ್ಲ ಕೆರಳಿತು. ಅದು ದರೋಡೆಯೋ ದ್ವೇಷವೋ ಎಂದು ವಿಚಾರಿಸುವ ತಾಳ್ಮೆ ಯಾರಿಗೂ ಇರಲಿಲ್ಲ; ಜನಾಂಗದ್ವೇಷವೆಂದು ಒಂದೇ ಕಂಠದಿಂದ ತೀರ್ಪಾಯಿತು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತರು. ಬಳಿಕ ಅದೇ ದಾರಿಯಲ್ಲಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯನ್ನೂ ಆಕೆಯ ಸಂಗಡಿಗರನ್ನೂ ಗುಂಪು ಕಾರಿನಿಂದೆಳೆದು ಥಳಿಸಿತು. ಅವರ ಕಾರಿಗೆ ಬೆಂಕಿಯಿಟ್ಟಿತು. ಅಪಘಾತಕ್ಕೂ ಆಕೆಗೂ ಇದ್ದ ಸಂಬಂಧ ಮೈಬಣ್ಣವೊಂದೇ. ರಾಜ್ಯದ ಅಂದಿನ ಗೃಹಸಚಿವರು ಇದು ಜನಾಂಗೀಯ ದಾಳಿಯಲ್ಲವೆಂದೂ ಅಪಘಾತಕ್ಕೆ ಹುಟ್ಟಿದ ಪ್ರತಿಕ್ರಿಯೆಯೆಂದೂ ಹೇಳಿದರು. ಜನರೂ ಬಹುಮಟ್ಟಿಗೆ ಅದನ್ನೇ ಒಪ್ಪಿದರು. ಒಬ್ಬ ಮಾಡಿದ ತಪ್ಪಿಗೆ ಅವನ ಬಣ್ಣದವರೆಲ್ಲ ಹೊಣೆಯೆಂಬ ಲೆಕ್ಕವೇ ಜನಾಂಗಭೇದ. ಅದರ ವ್ಯಾಖ್ಯೆಗೆ ಇದಕ್ಕಿಂತ ಸ್ಫುಟವಾದ ನಿದರ್ಶನ ಬೇರೆ ಬೇಕಿಲ್ಲ. ಮೆಲ್ಬರ್ನ್‌ಗೆ ಒಂದು ಅಳತೆಗೋಲು, ಹೆಸರಘಟ್ಟಕ್ಕೆ ಇನ್ನೊಂದು. ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ, ಮೊಬೈಲಿನಲ್ಲಿ ಹರಿದ ವದಂತಿಯೊಂದಕ್ಕೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ವಿಶೇಷ ರೈಲುಗಳಲ್ಲಿ ಬೆಂಗಳೂರನ್ನು ಬಿಟ್ಟು ಹೋದರು. ಬರಿಯ ವದಂತಿಗೆ ಅಷ್ಟು ಜನ ಗಂಟುಮೂಟೆ ಕಟ್ಟಿದರೆಂದರೆ, ಆ ಮೊದಲಿನ ದಿನಗಳಲ್ಲಿ ಅವರ ಮುಖವನ್ನು ಕುರಿತು ಆಡಿದ ಕುಹಕಗಳು ಎಷ್ಟು ಭೀತಿಯನ್ನು ಬಿತ್ತಿದ್ದಿರಬೇಕು!

ಬೆಂಗಳೂರಿನ ಪಾಪಕ್ಕೆ ಕೃಷ್ಣಾತೀರದವರು ಹೊಣೆಯೇ ಎಂದು ಯಾರಾದರೂ ಕೇಳಬಹುದು. ಆದರೆ ಈ ತಾಲೂಕುಗಳ ಜನಕ್ಕೆ ಹುಟ್ಟಿನ ಗುರುತಿನಿಂದಾಗುವ ಅವಮಾನದ ರುಚಿ ಪುಸ್ತಕದಿಂದ ತಿಳಿಯಬೇಕಾದ್ದಲ್ಲ. ಮಳೆ ಕೈಕೊಟ್ಟ ವರ್ಷ, ಮಗ್ಗ ನಿಂತ ವರ್ಷ, ಬಾಗಲಕೋಟೆ–ವಿಜಯಪುರದ ಕಡೆಯಿಂದ ಗೋವೆಗೆ ದುಡಿಯಲು ಹೋದವರನ್ನು ಅಲ್ಲಿ ಕರೆಯುವುದು ‘ಘಾಟಿ’ ಎಂದು. ಘಟ್ಟದಾಚೆಯವನೆಂಬ ಸಾದಾ ಅರ್ಥದ ಪದ ಅದು. ಆಡುವ ಬಾಯಲ್ಲಿ ಮಾತ್ರ ಕಪ್ಪಗಿನವನು, ಕೊಳಕನು, ಕಳ್ಳನು ಎಂಬ ಧ್ವನಿಗಳನ್ನೆಲ್ಲ ಹೊತ್ತು ಬರುತ್ತದೆ. ಕಟ್ಟಡಕ್ಕೆ ಇಟ್ಟಿಗೆ ಹೊರಲು ಈ ಜನ ಬೇಕು, ಕಟ್ಟಿದ ಕೇರಿಯಲ್ಲಿ ಮನೆ ಕೊಡಲು ಬೇಡ. ಊರಿಗೆ ಮರಳಿದ ಕೂಲಿಗಾರ ಆ ಮಾತನ್ನು ನೆನೆದು ನೋಯುತ್ತಾನೆ. ಅವನೇ ತನ್ನ ಓಣಿಯ ಕಪ್ಪು ಹುಡುಗಿಯನ್ನು ನೋಡಲು ಬಂದ ಬೀಗರು ಬಣ್ಣ ಸಾಲದೆಂದು ಎದ್ದುಹೋದಾಗ ಅದರಲ್ಲಿ ಅನ್ಯಾಯ ಕಾಣುವುದಿಲ್ಲ. ಬೀಳಗಿ ಸೀಮೆಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕೊಟ್ಟು ಹೊಸ ಜಾಗದಲ್ಲಿ ಬದುಕು ಕಟ್ಟಿಕೊಂಡವರಿಗೆ ‘ಮುಳುಗಡೆಯವರು’ ಎಂಬ ಹೆಸರು ಅಂಟಿತು. ಕೃಷ್ಣೆಯಲ್ಲಿ ಊರುಗಳು ಮುಳುಗಿದವು, ಗುಡಿಗಳು ಮುಳುಗಿದವು; ಕೇರಿ ಕೇರಿಗಳ ನಡುವಿನ ಗೆರೆಯೂ ಅವುಗಳೊಡನೆ ಮುಳುಗಿತೇ ಎಂಬುದು ಪ್ರತಿಯೊಬ್ಬನೂ ತನ್ನ ಊರಲ್ಲಿ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ.

ಕಪ್ಪು ಬಣ್ಣ ದಾಸ್ಯದ ಗುರುತೆಂಬ ಕಲ್ಪನೆಯೂ ಈ ನೆಲಕ್ಕೆ ಹೊರಗಿನದು. ಈ ಸೀಮೆಯನ್ನಾಳಿದ ಬಿಜಾಪುರದ ಆದಿಲಶಾಹಿಯಲ್ಲಿ ಎರಡನೆಯ ಇಬ್ರಾಹಿಮನು ಬಾಲಕನಾಗಿದ್ದಾಗ, 1582ರಿಂದ ಕೆಲವು ವರ್ಷ, ರಾಜ್ಯದ ಸೂತ್ರ ಹಿಡಿದಿದ್ದವನು ಆಫ್ರಿಕ ಮೂಲದ ದಿಲಾವರ ಖಾನ್ ಹಬಶಿ. ಆಗ ಈ ಭಾಗದ ದೇಸಾಯಿ ದೇಶಪಾಂಡೆಗಳೆಲ್ಲ ಒಬ್ಬ ಹಬಶಿಯ ಆಜ್ಞೆಗೆ ತಲೆಬಾಗಿದವರೇ. ಅದೇ ಖಂಡದಿಂದ ಬಂದವರ ಸಂತತಿಯಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ತಲೆಮಾರುಗಳಿಂದ ನೆಲೆಸಿ ಕನ್ನಡವನ್ನೂ ಕೊಂಕಣಿಯನ್ನೂ ಆಡುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲು 2003ರ ವರೆಗೆ ಕಾಯಬೇಕಾಯಿತು. ಪೇಟೆಗೆ ಬಂದ ಸಿದ್ದಿಯನ್ನು ‘ಯಾವ ದೇಶ?’ ಎಂದು ಕನ್ನಡಿಗನೇ ಕೇಳುತ್ತಾನೆ. ಉತ್ತರ ಕನ್ನಡದಲ್ಲಿಯೇ ಬಂದಾಗ ನಗುತ್ತಾನೆ.

ಮನುಷ್ಯರನ್ನು ನಾಯಿಗಳಂತೆ ತಳಿಗಳಾಗಿ ವಿಂಗಡಿಸುವ ವಿದ್ಯೆಯನ್ನು ಈ ದೇಶಕ್ಕೆ ಶಾಸ್ತ್ರದ ವೇಷದಲ್ಲಿ ತಂದವರು ವಸಾಹತು ಅಧಿಕಾರಿಗಳು. 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ಹರ್ಬರ್ಟ್ ರಿಸ್ಲಿ ಜನರ ಮೂಗಿನ ಉದ್ದಗಲಗಳನ್ನು ಅಳೆಯಿಸಿ, ಮೂಗು ಅಗಲವಾದಷ್ಟೂ ಜಾತಿ ಕೆಳಗಿನದೆಂಬ ಸಿದ್ಧಾಂತವನ್ನು ಹೊರಡಿಸಿದನು. ಆ ಅಳತೆಪಟ್ಟಿ ಇಂದು ಕಸದ ಬುಟ್ಟಿ ಸೇರಿದೆ. 1950ರಲ್ಲಿ ಯುನೆಸ್ಕೋ ವಿದ್ವಾಂಸರನ್ನು ಕೂಡಿಸಿ ಜನಾಂಗಶ್ರೇಷ್ಠತೆಯ ವಾದಕ್ಕೆ ವಿಜ್ಞಾನದ ಆಧಾರವಿಲ್ಲವೆಂದು ಸಾರಿತು. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ಮನುಷ್ಯರ ನಡುವಣ ಜೈವಿಕ ವೈವಿಧ್ಯದಲ್ಲಿ ಶೇಕಡಾ 85ರಷ್ಟು ಒಂದೊಂದು ಜನಸಮುದಾಯದ ಒಳಗೇ ಇದೆಯೆಂದು ತೋರಿಸಿದನು. ಅಂದರೆ ಬನಹಟ್ಟಿಯ ಒಂದೇ ಓಣಿಯ ಇಬ್ಬರು ನೇಕಾರರ ನಡುವೆ ಇರುವ ವ್ಯತ್ಯಾಸದ ಮುಂದೆ, ಬನಹಟ್ಟಿಗೂ ಆಫ್ರಿಕದ ಯಾವುದೋ ಊರಿಗೂ ಇರುವ ಹೆಚ್ಚಿನ ವ್ಯತ್ಯಾಸ ಅತ್ಯಲ್ಪ. ಮುಧೋಳದ ನಾಯಿಗೆ ತಳಿಯುಂಟು. ಮುಧೋಳದ ಮನುಷ್ಯನಿಗೆ ಅದಿಲ್ಲ.

ಇಲ್ಲಿಗೆ ಬರುವಾಗ ಸುಶಿಕ್ಷಿತರ ವಾದವೊಂದು ಎದುರಾಗುತ್ತದೆ: ಜಾತಿ ಬೇರೆ, ಜನಾಂಗ ಬೇರೆ, ಜಾತಿಯ ಮಾತನ್ನು ಜನಾಂಗಭೇದದ ವೇದಿಕೆಗೆ ಒಯ್ಯುವುದು ದೇಶದ್ರೋಹ. 2001ರಲ್ಲಿ ಡರ್ಬನ್ ನಗರದಲ್ಲಿ ವಿಶ್ವಸಂಸ್ಥೆಯ ಜನಾಂಗಭೇದವಿರೋಧಿ ಸಮ್ಮೇಳನ ನಡೆದಾಗ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆಯನ್ನು ಎತ್ತಿದವು. ಭಾರತ ಸರ್ಕಾರ ಈ ವಾದವನ್ನೇ ಹಿಡಿದು ಅದನ್ನು ಹೊರಗಿರಿಸಿತು. ವಾದದ ಪೂರ್ವಾರ್ಧವನ್ನು ಒಪ್ಪಬೇಕು. ಜಾತಿ ಜನಾಂಗದಿಂದ ಹುಟ್ಟಿದ್ದಲ್ಲ ಎಂದು ಡಾ. ಅಂಬೇಡ್ಕರ್ ಅವರೇ ಪ್ರಬಲವಾಗಿ ಪ್ರತಿಪಾದಿಸಿದ್ದರು. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಅಸ್ಪೃಶ್ಯನೂ ಒಂದೇ ಮೂಲದವರೆಂದು ಅವರು ವಾದಿಸಿದ್ದರು. ಆದರೆ ಒಡಂಬಡಿಕೆಯ ಮೊದಲನೆಯ ವಿಧಿ ಜನಾಂಗವೊಂದನ್ನೇ ಹೇಳಿ ನಿಲ್ಲುವುದಿಲ್ಲ. ಜನಾಂಗ, ಬಣ್ಣ, ವಂಶ, ರಾಷ್ಟ್ರೀಯ ಅಥವಾ ಬುಡಕಟ್ಟಿನ ಮೂಲ ಎಂದು ಅದು ಎಣಿಸುತ್ತದೆ. ಇವುಗಳಲ್ಲಿ ‘ವಂಶ’ ಎಂಬ ಪದವನ್ನು ಕರಡಿಗೆ ಸೇರಿಸಲು ಸೂಚಿಸಿದ್ದು ಭಾರತವೇ! ತಾನೇ ಕೊಟ್ಟ ಪದ ತನಗೇ ಕನ್ನಡಿಯಾದೀತೆಂದು ತಿಳಿದೊಡನೆ ಅದು ಮುಖ ತಿರುಗಿಸಿತು. 2002ರಲ್ಲಿ ಒಡಂಬಡಿಕೆಯ ಸಮಿತಿ ತನ್ನ 29ನೆಯ ಸಾಮಾನ್ಯ ಶಿಫಾರಸಿನಲ್ಲಿ, ವಂಶಾಧಾರಿತ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆಂದು ಸ್ಪಷ್ಟಪಡಿಸಿತು. 2007ರಲ್ಲಿ ಭಾರತದ ವರದಿಯನ್ನು ಪರಿಶೀಲಿಸುವಾಗ ಅದನ್ನೇ ಪುನರುಚ್ಚರಿಸಿತು.

ವಂಶವೆಂಬ ಪದದ ಅರ್ಥವನ್ನು ತಿಳಿಯಲು ಜಿನೀವಾದ ಕಡತಗಳನ್ನು ತೆರೆಯಬೇಕಿಲ್ಲ. ಮುಧೋಳ, ಜಮಖಂಡಿ ತಾಲೂಕುಗಳ ಯಾವುದೇ ಊರಿನ ದೇವದಾಸಿ ತಾಯಿಯನ್ನು ಮಾತನಾಡಿಸಿದರೆ ಸಾಕು. ಯಾವ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರು, ಯಾವ ಮನೆಗಳ ಗಂಡಸರಿಗೆ ಅದರ ಲಾಭವಾಗುತ್ತಿತ್ತು ಎಂಬುದು ಊರಿನ ಮುದುಕರಿಗೆಲ್ಲ ಗೊತ್ತು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣ ನಿಷೇಧ ಕಾಯ್ದೆ ಬಂದಿತು. 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳೆರಡೂ ಸೇರಿ ರಾಜ್ಯದಲ್ಲಿ ಗುರುತಿಸಿದ ದೇವದಾಸಿಯರ ಸಂಖ್ಯೆ 46,660. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಅಂಕಣದ ಮುಂದೆ ಪೆನ್ನು ಹಿಡಿದು ಕೂತ ಗಳಿಗೆಯೇ ವಂಶಭೇದದ ಅನುಭವ. ಆ ಮಗು ಮಾಡಿದ ತಪ್ಪೇನು? ಹುಟ್ಟಿದ್ದು. ಹೆಸರಘಟ್ಟದ ರಸ್ತೆಯಲ್ಲಿ ಟಾಂಜಾನಿಯದ ಯುವತಿ ಮಾಡಿದ ತಪ್ಪೂ ಅದೇ. ಹೆಸರು ಜಾತಿಯೆನ್ನಲಿ, ಜನಾಂಗವೆನ್ನಲಿ, ಹುಟ್ಟನ್ನೇ ಅಪರಾಧವಾಗಿಸುವ ತರ್ಕ ಒಂದೇ.

ಜೈನ ಸಮಾಜ ಈ ವಿಚಾರದಲ್ಲಿ ತಟಸ್ಥ ಪ್ರೇಕ್ಷಕನಾಗಿ ನಿಲ್ಲಲಾರದು. ತನ್ನ ಆಗಮಗಳಲ್ಲಿ ಸಮತೆಯಿದೆಯೆಂದು ಅದು ಹೇಳಿಕೊಳ್ಳುವುದು ನಿಜಕ್ಕೂ ಸಾಧಾರವಾದದ್ದೇ. ಆಚಾರ್ಯ ಜಿನಸೇನರು ಆದಿಪುರಾಣದಲ್ಲಿ ಮನುಷ್ಯಜಾತಿ ಒಂದೇ, ವೃತ್ತಿಯಿಂದ ಭೇದಗಳು ಬಂದವು ಎಂದು ವಿವರಿಸಿದರು. ಪಂಪನು ಅದನ್ನು ಕನ್ನಡಕ್ಕೆ ಕೊಟ್ಟನು. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನವನ್ನು ಕೆಡಿಸುವ ಎಂಟು ಮದಗಳನ್ನು ಹೇಳುವಾಗ ಕುಲ, ಜಾತಿ, ದೇಹ ಈ ಮೂರನ್ನೂ ಎಣಿಸಿದರು. ಕುಲಮದ, ಜಾತಿಮದ, ರೂಪಮದಗಳನ್ನು ಕೂಡಿಸಿದರೆ ಆಧುನಿಕರು ಜನಾಂಗಭೇದವೆನ್ನುವ ವಸ್ತು ಪೂರ್ಣವಾಗಿ ಮೂಡುತ್ತದೆ. ಸಮ್ಯಗ್ದರ್ಶನವುಳ್ಳವನು ಚಂಡಾಲನ ಮನೆಯಲ್ಲಿ ಹುಟ್ಟಿದ್ದರೂ ಬೂದಿ ಮುಚ್ಚಿದ ಕೆಂಡದಂತೆ ಪೂಜ್ಯನೆಂದು ಅದೇ ಗ್ರಂಥ ಸಾರಿತು.

ಲೇಶ್ಯೆಗಳ ಮಾತನ್ನು ತೆಗೆದು ಆಕ್ಷೇಪಿಸುವವರಿದ್ದಾರೆ. ಕೃಷ್ಣಲೇಶ್ಯೆ ಅಧಮ, ಶುಕ್ಲಲೇಶ್ಯೆ ಉತ್ತಮವೆಂದರೆ ಕಪ್ಪನ್ನು ಹಳಿದಂತಾಗಲಿಲ್ಲವೇ? ಈ ಆಕ್ಷೇಪವನ್ನು ತಳ್ಳಿಹಾಕಬಾರದು, ಉತ್ತರಿಸಬೇಕು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ ದ್ರವ್ಯಲೇಶ್ಯೆಯನ್ನೂ ಭಾವಲೇಶ್ಯೆಯನ್ನೂ ಬೇರ್ಪಡಿಸುತ್ತದೆ. ಶರೀರದ ಬಣ್ಣ ವರ್ಣನಾಮಕರ್ಮದ ಫಲ. ಜೀವಕ್ಕೆ ಕರ್ಮವನ್ನು ಅಂಟಿಸುವುದು ಕಷಾಯದಿಂದ ಕಲುಷಿತವಾದ ಭಾವ. ಜಂಬುಖಂಡಿಯೆಂಬ ಹಳೆಯ ಹೆಸರಿನ ನಾಡಿಗೆ ಜಂಬೂವೃಕ್ಷದ ದೃಷ್ಟಾಂತ ಹೊಸದಲ್ಲ. ಹಸಿದ ಆರು ಮಂದಿಯಲ್ಲಿ ಹಣ್ಣಿಗಾಗಿ ಮರವನ್ನೇ ಬುಡಸಹಿತ ಕಡಿಯಲು ಹೊರಟವನು ಕೃಷ್ಣಲೇಶ್ಯೆಯವನು. ನೆಲಕ್ಕೆ ಬಿದ್ದ ಹಣ್ಣನ್ನು ಆಯ್ದು ತಿಂದವನು ಶುಕ್ಲಲೇಶ್ಯೆಯವನು. ಅವರ ಮೈಬಣ್ಣವನ್ನು ಆ ಕತೆ ಕೇಳುವುದಿಲ್ಲ. ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಮಂಡಲಿಕ ಗೊಂಕನು 12ನೇ ಶತಮಾನದಲ್ಲಿ ಕಟ್ಟಿಸಿದ ಬಸದಿಯ ಮೂಲನಾಯಕ ನೇಮಿನಾಥನು ಆಗಮಗಳ ಪ್ರಕಾರ ಶ್ಯಾಮವರ್ಣದ ತೀರ್ಥಂಕರ. ಅಲ್ಲಿ ಅಭಿಷೇಕ ಮಾಡಿ, ಮನೆಗೆ ಬಂದು ಸೊಸೆಯ ಬಣ್ಣವನ್ನು ತೂಗುವ ಶ್ರಾವಕನ ಭಕ್ತಿ ಯಾವ ಬಗೆಯದು?

ಇದಕ್ಕಿಂತ ಕಠಿಣವಾದ ಮಾತೊಂದಿದೆ. 1947ರಲ್ಲಿ ಮುಂಬಯಿ ಪ್ರಾಂತ ಹರಿಜನ ದೇವಾಲಯ ಪ್ರವೇಶ ಕಾಯ್ದೆಯನ್ನು ತಂದಿತು. ಮರುವರ್ಷ ಜಮಖಂಡಿ, ಮುಧೋಳ ಸಂಸ್ಥಾನಗಳು ಆ ಪ್ರಾಂತದಲ್ಲಿ ವಿಲೀನವಾದವು. ಕಾಯ್ದೆ ಬಸದಿಗಳಿಗೂ ಅನ್ವಯಿಸುವುದನ್ನು ವಿರೋಧಿಸಿ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ಅನ್ನತ್ಯಾಗ ಮಾಡಿದರು. 1951ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಜೈನರ ಪರವಾಗಿ ಬಂದಿತು. ಜೈನಧರ್ಮ ಸ್ವತಂತ್ರ ಧರ್ಮವೆಂಬ ಅವರ ನಿಲುವು ನ್ಯಾಯವಾದದ್ದು. ಅವರ ತಪಸ್ಸನ್ನು ಪ್ರಶ್ನಿಸುವ ಯೋಗ್ಯತೆ ಯಾರಿಗೂ ಇಲ್ಲ. ಆದರೆ ತೀರ್ಪನ್ನು ಗೆದ್ದ ಸಮಾಜ ಮುಂದೇನು ಮಾಡಿತು? ಕಾನೂನಿನ ಬಲವಂತದಿಂದ ತೆರೆಯಲಾರೆನೆಂದ ಬಾಗಿಲನ್ನು ಸಮಂತಭದ್ರರ ಮಾತಿಗೆ ಬೆಲೆಕೊಟ್ಟು ತಾನಾಗಿಯೇ ತೆರೆದಿದ್ದರೆ ಆ ಗೆಲುವು ಧರ್ಮದ ಗೆಲುವಾಗುತ್ತಿತ್ತು. ತಿರ್ಯಂಚರಿಗೂ ಸ್ಥಳವಿದ್ದ ಸಮವಸರಣವನ್ನು ವರ್ಣಿಸುತ್ತ ಬಸದಿಯ ಮೆಟ್ಟಿಲಲ್ಲಿ ಮನುಷ್ಯನ ಕುಲವನ್ನು ಕೇಳುವುದು ಜಿನಮತವಲ್ಲ.

ಅಂತಾರಾಷ್ಟ್ರೀಯ ಪ್ರಯತ್ನಗಳ ಮಿತಿಯನ್ನೂ ಹೇಳಬೇಕು. ವಿಶ್ವಸಂಸ್ಥೆ ದಶಕಗಳನ್ನು ಘೋಷಿಸುತ್ತದೆ. ಆಫ್ರಿಕ ಮೂಲದ ಜನರಿಗಾಗಿ 2015ರಿಂದ 2024ರ ದಶಕ ಮುಗಿದು ಎರಡನೆಯದು 2025ರಲ್ಲಿ ಮೊದಲಾಗಿದೆ. ಸಮಿತಿ ವರದಿ ಕೇಳುತ್ತದೆ, ಸರ್ಕಾರ ಉತ್ತರ ಬರೆಯುತ್ತದೆ. ಜಿನೀವಾದ ಯಾವ ಸಮಿತಿಯೂ ಬೀಳಗಿಯ ಚಹದಂಗಡಿಯ ಲೋಟವನ್ನು ಬದಲಿಸಲಾರದು. ದೇಶದೊಳಗಣ ಕಾನೂನಾದರೂ ಗಟ್ಟಿಯಾಗಬೇಕು. 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯ ದೆಹಲಿಯಲ್ಲಿ ಹಲ್ಲೆಗೊಳಗಾಗಿ ಸತ್ತ ಬಳಿಕ ನೇಮಕವಾದ ಬೆಜ್‌ಬರುವಾ ಸಮಿತಿ ಜನಾಂಗೀಯ ನಿಂದನೆಯನ್ನು ಶಿಕ್ಷಾರ್ಹವಾಗಿಸಲು ಶಿಫಾರಸು ಮಾಡಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಜನಾಂಗ, ಜಾತಿಗಳ ಕಾರಣಕ್ಕೆ ಗುಂಪು ನಡೆಸುವ ಕೊಲೆಯನ್ನು ಪ್ರತ್ಯೇಕವಾಗಿ ಗುರುತಿಸಿದೆ. ಕೊಲೆಯಾದ ಮೇಲೆ ಕಾನೂನು ಬರುತ್ತದೆ. ಕೊಲೆಗೆ ಮೊದಲಿನ ನಗೆ, ಅಡ್ಡಹೆಸರು, ಬಾಡಿಗೆಗಿಲ್ಲವೆಂಬ ಸುಳ್ಳು ಇವುಗಳ ಬಳಿಗೆ ಸಮಾಜವೇ ಹೋಗಬೇಕು. ಅಂತಾರಾಷ್ಟ್ರೀಯ ಒಡಂಬಡಿಕೆಯ ನಿಜವಾದ ಉಪಕಾರವೆಂದರೆ ಅದು ಪರರಿಗೂ ತನಗೂ ಒಂದೇ ಅಳತೆಗೋಲನ್ನು ಕೈಗೆ ಕೊಡುತ್ತದೆ. ಕೃಷ್ಣಾತೀರದವನಿಗೆ ‘ಘಾಟಿ’ ಎಂಬ ಮಾತು ತಪ್ಪಾದರೆ, ಸಿದ್ದಿಗೆ ‘ಯಾವ ದೇಶ?’ ಎಂಬ ಮಾತೂ ತಪ್ಪು, ದೇವದಾಸಿಯ ಮಗುವಿಗೆ ‘ಅಪ್ಪ ಯಾರು?’ ಎಂಬ ಮಾತೂ ತಪ್ಪು.

ರನ್ನನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದಾಗ ಅವನಿಗೆ ಯಾವ ಬಿರುದಿನ ಕೊರತೆಯೂ ಇರಲಿಲ್ಲ. ಚಾಲುಕ್ಯ ಚಕ್ರವರ್ತಿಯ ಆಸ್ಥಾನವಿತ್ತು, ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯವಿತ್ತು. ಬೇಕೆಂದಿದ್ದರೆ ತನ್ನ ಹುಟ್ಟನ್ನು ಮರೆಮಾಚಿ ಯಾವುದಾದರೂ ಎತ್ತರದ ವಂಶಕ್ಕೆ ತನ್ನನ್ನು ಜೋಡಿಸಿಕೊಳ್ಳಬಹುದಿತ್ತು. ಅವನು ತನ್ನ ಊರು ಜಂಬುಖಂಡಿ ಎಪ್ಪತ್ತರ ಮುದುವೊಳಲೆಂದೂ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆಯೆಂದೂ, ತಾನು ಬಳೆಗಾರರ ಕುಲದವನೆಂದೂ ಕಾವ್ಯದಲ್ಲಿಯೇ ಬರೆದಿಟ್ಟನು. ಬಳೆಯ ಮಲಾರ ಹೊತ್ತು ಮನೆಮನೆ ತಿರುಗುವವರ ಮಗ ಹೇಳಿದ್ದನ್ನು ರಾಜಸಭೆ ಎದ್ದು ಕೇಳಿತು. ಆ ಕಾಲ ಸಮತೆಯ ಕಾಲವಾಗಿತ್ತೆಂದು ಇದರಿಂದ ಸಿದ್ಧವಾಗುವುದಿಲ್ಲ. ಕುಲವನ್ನು ಮುಚ್ಚಿಡದೆ ತಲೆಯೆತ್ತಿ ನಡೆಯಲು ಒಬ್ಬನಿಗೆ ಸಾಧ್ಯವಾಯಿತೆಂಬುದಷ್ಟೇ ಸಿದ್ಧವಾಗುತ್ತದೆ. ಸಾವಿರ ವರ್ಷಗಳ ಮೇಲೆ ಅದೇ ಊರಿನ ಶಾಲೆಯಲ್ಲಿ ಮಗುವೊಂದು ತನ್ನ ಕೇರಿಯ ಹೆಸರನ್ನು, ತಾಯಿಯ ಹೆಸರನ್ನು ಅಷ್ಟೇ ನಿರ್ಭಯವಾಗಿ ಹೇಳಬಲ್ಲದೇ? ಮುಧೋಳದಲ್ಲಿ ‘ರನ್ನ ವೈಭವ’ದ ವೇದಿಕೆ ಕಟ್ಟುವವರು, ಕವಿಯ ಭಾವಚಿತ್ರಕ್ಕೆ ಮಾಲೆ ಹಾಕುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ಉತ್ತರ ‘ಹೌದು’ ಎಂದಾಗುವ ದಿನದವರೆಗೆ ಆ ಮಾಲೆಗೆ ಅರ್ಥವಿಲ್ಲ.